ಸಜ್ಜೆಯ ಮೂಲವನ್ನು ಮರೆಮಾಚುವುದು ಬೇಡ

ಮಾನ್ಯ ಸಂಪಾದಕರೇ,

ನಮ್ಮ ಭಾಗದ ಸಿರಿಧಾನ್ಯ ಮೇಳಗಳಲ್ಲಿ, ವಿಚಾರ ಸಂಕಿರಣಗಳಲ್ಲಿ ಸಜ್ಜೆಯನ್ನು ಈ ನೆಲದಲ್ಲೇ ಹುಟ್ಟಿದ ಧಾನ್ಯವೆಂದು ಹೊಗಳುವುದು ರೂಢಿಯಾಗಿದೆ. 2023ನೇ ಇಸವಿಯನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದ ಮೇಲಂತೂ ಈ ಮಾತು ವೇದಿಕೆಯಿಂದ ವೇದಿಕೆಗೆ ಸಾಗುತ್ತಿದೆ. ಕುಷ್ಟಗಿ ತಾಲ್ಲೂಕಿನ ಮಸಾರಿ ಹೊಲದಲ್ಲಿ ಸಜ್ಜೆ ಬೆಳೆಯುವ ಮನೆತನದವನಾದ ನನಗೆ ಆ ಅಭಿಮಾನ ಅರ್ಥವಾಗುತ್ತದೆ. ಆದರೆ ಆ ಮಾತು ನಿಜವಲ್ಲ; ಅದನ್ನು ನಂಬಿ ಕೂತರೆ ಸಜ್ಜೆಗೇ ಹಾನಿ ಎಂಬುದು ನನ್ನ ಆತಂಕ.

ಸಜ್ಜೆಯ ತವರು ಪಶ್ಚಿಮ ಆಫ್ರಿಕಾದ ಸಾಹೆಲ್ ಪ್ರದೇಶ, ಅಂದರೆ ಸಹಾರಾ ಮರುಭೂಮಿಯ ದಕ್ಷಿಣದ ಅಂಚು. ಅದರ ಮೂಲವಾದ ಕಾಡುಹುಲ್ಲು ಇಂದಿಗೂ ಅಲ್ಲಿ ತಾನಾಗಿ ಬೆಳೆಯುತ್ತದೆ. ಮಾಲಿ ದೇಶದ ತಿಲೆಮ್ಸಿ ಕಣಿವೆಯಲ್ಲಿ ದೊರೆತ ಕ್ರಿ.ಪೂ. 2500ರ ಆಸುಪಾಸಿನ ಮಡಕೆ ಚೂರುಗಳಲ್ಲಿ ಸಾಗುವಳಿ ಸಜ್ಜೆಯ ಅಚ್ಚುಗಳು ಉಳಿದಿವೆ. ಮಡಕೆ ಮಾಡುವವರು ಜೇಡಿಮಣ್ಣಿಗೆ ಕಲಸಿದ ಹೊಟ್ಟು ಬೆಂಕಿಯಲ್ಲಿ ಉರಿದುಹೋದರೂ ಅದರ ಆಕಾರ ಮಣ್ಣಿನಲ್ಲಿ ನಿಂತಿತು. ಕಾಡು ಸಜ್ಜೆಯ ಕಾಳು ಬಲಿತ ಕೂಡಲೇ ತೆನೆಯಿಂದ ಕಳಚಿ ಉದುರುತ್ತದೆ. ಸಾಗುವಳಿಯದರಲ್ಲಿ ಕಾಳು ಗಟ್ಟಿ ತೊಟ್ಟಿನ ಮೇಲೆ ಕುಳಿತಿದ್ದು, ಬಡಿಯುವವರೆಗೂ ತೆನೆ ಬಿಡುವುದಿಲ್ಲ. ಅಚ್ಚಿನಲ್ಲಿ ಆ ತೊಟ್ಟನ್ನು ಗುರುತಿಸಿಯೇ ಇದು ಬಿತ್ತಿ ಬೆಳೆದ ಸಜ್ಜೆಯೆಂದು ಪುರಾತತ್ವಜ್ಞರು ನಿರ್ಧರಿಸಿದರು.

ಅಲ್ಲಿಂದ ಕೆಲವೇ ಶತಮಾನಗಳಲ್ಲಿ ಸಜ್ಜೆ ಅರಬ್ಬೀ ಸಮುದ್ರದ ಈಚೆಗೆ ಬಂದಿತ್ತು. ಕ್ರಿ.ಪೂ. ಎರಡನೇ ಸಹಸ್ರಮಾನದಲ್ಲಿ ಸೌರಾಷ್ಟ್ರದಲ್ಲಿ ಅದರ ಕಾಳುಗಳು ಸಿಗುತ್ತವೆ; ಅದೇ ಸಹಸ್ರಮಾನದಲ್ಲಿ ನಮ್ಮದೇ ತುಂಗಭದ್ರೆಯ ದಂಡೆಯ ಮೇಲಿರುವ, ಈಗ ಹಾವೇರಿ ಜಿಲ್ಲೆಗೆ ಸೇರಿದ ಹಳ್ಳೂರಿನಲ್ಲಿಯೂ ಸಿಗುತ್ತವೆ. ಈ ನೆಲದ ಹಳೆಯ ಬೆಳೆಗಳನ್ನು ನೋಡಬೇಕೆಂದರೆ ಬಳ್ಳಾರಿ ಪಕ್ಕದ ಸಂಗನಕಲ್ಲಿನ ನವಶಿಲಾಯುಗದ ನೆಲೆ ಇದೆ. ಅಲ್ಲಿನ ಬೂದಿ, ಮಣ್ಣುಗಳನ್ನು ಜಾಲಿಸಿದಾಗ ಮುಖ್ಯವಾಗಿ ಸಿಕ್ಕಿರುವುದು ಕೊರಲೆ, ಹುರುಳಿ, ಹೆಸರು. ದನಗಾಹಿಗಳಾಗಿದ್ದ ಆ ಜನ ಮಳೆಗಾಲದ ಈ ಬೆಳೆಗಳನ್ನು ಮೊದಲೇ ಬಲ್ಲವರಾಗಿದ್ದರು. ಆಮೇಲೆ ಬಂದ ಸಜ್ಜೆಯೂ ಮಳೆಗಾಲದ ಬೆಳೆಯೇ ಆದ್ದರಿಂದ ಇಲ್ಲಿನ ಬೇಸಾಯಕ್ಕೆ ಸುಲಭವಾಗಿ ಹೊಂದಿಕೊಂಡಿತೆಂದು ತಿಳಿಯಲು ಅಡ್ಡಿಯಿಲ್ಲ. ಹಾಗೆ ನೋಡಿದರೆ ಜೋಳ, ರಾಗಿ ಎರಡೂ ಆಫ್ರಿಕಾದಿಂದಲೇ ಬಂದವು.

ಹೊರಗಿನಿಂದ ಬಂದದ್ದೆಂದರೆ ಸಜ್ಜೆಯ ಮಾನ ಕಡಿಮೆಯಾದೀತೇ? ಸಂಕ್ರಾಂತಿಗೆ ಎಳ್ಳು ಹಚ್ಚಿ ಬಡಿದ ಸಜ್ಜೆ ರೊಟ್ಟಿಯ ಜೊತೆ ನಾವು ತಿನ್ನುವ ಶೇಂಗಾ ಚಟ್ನಿಯ ಶೇಂಗಾ, ಮೆಣಸಿನಕಾಯಿಗಳು ಅಮೆರಿಕ ಖಂಡದವು. ನಮ್ಮ ದೇಶಕ್ಕೆ ಬಂದು ಐದುನೂರು ವರ್ಷವೂ ತುಂಬಿರಲಿಕ್ಕಿಲ್ಲ. ಸಜ್ಜೆಗಾದರೋ ತುಂಗಭದ್ರೆಯ ದಂಡೆಯಲ್ಲಿ ಮೂರು ಸಾವಿರ ವರ್ಷಗಳಿಗೂ ಮಿಕ್ಕ ನಂಟಿದೆ. ಅಷ್ಟು ತಲೆಮಾರುಗಳ ಒಕ್ಕಲಿಗರು ಒಳ್ಳೆಯ ತೆನೆ ಆರಿಸಿ ಬೀಜಕ್ಕೆ ಎತ್ತಿಟ್ಟಿದ್ದರಿಂದಲೇ ಅದು ನಮ್ಮದಾಯಿತು. ನಮ್ಮ ಹಕ್ಕು ಆ ದುಡಿಮೆಯದು, ಹುಟ್ಟಿನದಲ್ಲ.

ಮೂಲವನ್ನು ಮರೆತರೆ ಆಗುವ ನಷ್ಟಕ್ಕೆ ತಳಿ ಅಭಿವೃದ್ಧಿಯ ಚರಿತ್ರೆಯೇ ಸಾಕ್ಷಿ. 1965ರಲ್ಲಿ ಬಿಡುಗಡೆಯಾದ ಎಚ್‌ಬಿ–1 ದೇಶದ ಮೊದಲ ಹೈಬ್ರಿಡ್ ಸಜ್ಜೆ. ಅದಕ್ಕೂ ಅದರ ನಂತರ ಬಂದ ಹಲವು ಹೈಬ್ರಿಡ್‌ಗಳಿಗೂ ಅಮೆರಿಕದ ಟಿಫ್ಟನ್‌ನಿಂದ ತಂದ ಟಿಫ್ಟ್ 23ಎ ಎಂಬ ಒಂದೇ ಹೆಣ್ಣು ತಳಿ ಆಧಾರವಾಗಿತ್ತು. ಇಳುವರಿ ಏರಿತು, ನಿಜ. ಆದರೆ ಎಪ್ಪತ್ತರ ದಶಕದ ಆರಂಭದಲ್ಲಿ ಕೇದಿಗೆ ರೋಗ ಹಬ್ಬಿದಾಗ ಆ ಹೈಬ್ರಿಡ್‌ಗಳು ನೆಲಕಚ್ಚಿದವು. ಕಬ್ಬಿಣಾಂಶ ಹೆಚ್ಚಿರುವ ‘ಧನಶಕ್ತಿ’ ತಳಿ 2012ರಲ್ಲಿ ಮಹಾರಾಷ್ಟ್ರದಲ್ಲಿ ಬಿಡುಗಡೆಯಾಯಿತಲ್ಲ, ಅದರ ಮೂಲ ಪಶ್ಚಿಮ ಆಫ್ರಿಕಾದ ಟೋಗೊ ದೇಶದ ರೈತರ ನಾಟಿ ಸಜ್ಜೆ. ಮುಂದೆ ಇನ್ನಾವುದೋ ರೋಗ ಬಂದರೆ ಪರಿಹಾರಕ್ಕಾಗಿ ಹುಡುಕಬೇಕಾದದ್ದು ಎರಡೇ ಕಡೆ: ಆಫ್ರಿಕಾದ ರೈತರ ಹೊಲಗಳಲ್ಲಿ ಮತ್ತು ನಮ್ಮ ಹಳ್ಳಿಗಳಲ್ಲಿ ಅಳಿದುಳಿದ ನಾಟಿ ಬೀಜದಲ್ಲಿ.

ಆ ನಾಟಿ ಬೀಜವನ್ನು ಒಬ್ಬ ರೈತ ತನ್ನಷ್ಟಕ್ಕೆ ಉಳಿಸಿಕೊಳ್ಳುವುದು ಕಷ್ಟ. ಸಜ್ಜೆಯ ತೆನೆಯಲ್ಲಿ ಹೆಣ್ಣು ಭಾಗ ಮೊದಲು ಹೊರಬರುತ್ತದೆ, ಪರಾಗ ಸುರಿಸುವ ಕೇಸರಗಳು ತಡವಾಗಿ ಕಾಣಿಸಿಕೊಳ್ಳುತ್ತವೆ. ಹೀಗಾಗಿ ಗಾಳಿಯಲ್ಲಿ ತೇಲಿ ಬಂದ ಪಕ್ಕದ ಹೊಲದ ಪರಾಗ ಸುಲಭವಾಗಿ ಬೆರೆತುಬಿಡುತ್ತದೆ. ಸುತ್ತಲೂ ಹೈಬ್ರಿಡ್ ಇರುವಾಗ ಒಂದೆಕರೆಯಲ್ಲಿ ಹಳೆಯ ತಳಿ ಬಿತ್ತಿದವನ ಬೀಜ ಕೆಲವೇ ಹಂಗಾಮುಗಳಲ್ಲಿ ತನ್ನ ಗುಣ ಕಳೆದುಕೊಳ್ಳುತ್ತದೆ. ಹೈಬ್ರಿಡ್ ಬೆಳೆಯುವವರನ್ನು ನಾನು ದೂರುವುದಿಲ್ಲ. ಒಣಬೇಸಾಯದವನಿಗೆ ಇಳುವರಿ ಬೇಕೇ ಬೇಕು.

ಆದ್ದರಿಂದ ರಾಯಚೂರಿನ ಕೃಷಿ ವಿಶ್ವವಿದ್ಯಾಲಯವು ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ಮಸ್ಕಿ ಕಡೆಯ ಹಳ್ಳಿಗಳಿಂದ ನಾಟಿ ಸಜ್ಜೆಯ ಬೀಜವನ್ನು ಮನೆಮನೆಗೆ ಹೋಗಿ ಸಂಗ್ರಹಿಸಿ, ಬೇರೆ ಸಜ್ಜೆ ಹೊಲಗಳಿಂದ ಸಾಕಷ್ಟು ದೂರದ ತಾಕುಗಳಲ್ಲಿ ಬೆಳೆಸಿ, ಕೇಳಿದ ರೈತರಿಗೆ ಮರಳಿ ಕೊಡುವ ಏರ್ಪಾಡನ್ನು ಈ ಭಾಗದಲ್ಲಿ ವಿಸ್ತರಿಸಬೇಕೆಂದು ಕೋರುತ್ತೇನೆ. ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯದಲ್ಲಿ ಕೊರಲೆ, ಹುರುಳಿಗಳ ಪಕ್ಕದಲ್ಲೇ ಸಜ್ಜೆಯ ತೆನೆಯನ್ನಿಟ್ಟು, ಅದು ಸಾಹೆಲ್‌ನಿಂದ ತುಂಗಭದ್ರೆಗೆ ಬಂದ ದಾರಿಯನ್ನು ನಕ್ಷೆಯಲ್ಲಿ ತೋರಿಸಿದರೆ ಶಾಲಾ ಮಕ್ಕಳಿಗೂ ಉಪಕಾರವಾದೀತು. ಮುಂದಿನ ಮುಂಗಾರು ಬಿತ್ತನೆಗೆ ಮೊದಲೇ ಬೀಜ ಸಂಗ್ರಹ ಆರಂಭವಾಗುವುದು ಒಳಿತು. ಹಗೇವು, ಗಡಿಗೆಗಳಲ್ಲಿ ಬೀಜ ಕಾಯ್ದಿಟ್ಟುಕೊಂಡಿರುವ ಹಿರಿಯರು ಊರೂರಿನಲ್ಲೂ ಬೆರಳೆಣಿಕೆಯಷ್ಟೇ ಉಳಿದಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕೃಷಿಕ, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ