ಫೇರ್‌ಫೋನ್ ಊರಿಗೆ ತರುವ ಮುನ್ನ

ಮಾನ್ಯ ಸಂಪಾದಕರೇ,

ಯುರೋಪಿನಲ್ಲಿರುವ ಕನ್ನಡಿಗರು ರಜೆಗೆ ಬರುವಾಗ ಮನೆಯವರಿಗೆಂದು ಫೇರ್‌ಫೋನ್ ಎಂಬ, ಸುಲಭವಾಗಿ ಬಿಚ್ಚಿ ರಿಪೇರಿ ಮಾಡಬಹುದಾದ ಸ್ಮಾರ್ಟ್‌ಫೋನ್ ತರುವುದಾದರೆ, ಕೆಲವು ತೊಡಕುಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಆಮ್‌ಸ್ಟರ್‌ಡ್ಯಾಮಿನ ಈ ಕಂಪನಿಯ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಗಣಿಯಿಂದ ಜೋಡಣೆಯವರೆಗೆ ಕಾರ್ಮಿಕರ ಬಗ್ಗೆ ಅದು ತೋರುವ ಕಾಳಜಿ ಬೇರೆಯವರಲ್ಲಿ ಕಾಣುವುದು ಕಡಿಮೆ.

2023ರ ಫೇರ್‌ಫೋನ್ 5ರ ಆರಂಭಿಕ ಬೆಲೆ 699 ಯೂರೊ. ಅದರ ಕ್ಯೂಸಿಎಂ6490 ಚಿಪ್ ಕೈಗಾರಿಕಾ ಬಳಕೆಗೆಂದು ಮಾಡಿದ್ದು. ಎಂಟು ವರ್ಷ ಅಪ್‌ಡೇಟ್ ಕೊಡಲು ಅನುಕೂಲವೆಂದೇ ಅದನ್ನು ಆರಿಸಿದ್ದಾರೆ. ವೇಗ ಮಾತ್ರ ನಮ್ಮಲ್ಲಿ ಮೂವತ್ತು ಸಾವಿರದೊಳಗೆ ಸಿಗುತ್ತಿದ್ದ ಸ್ನ್ಯಾಪ್‌ಡ್ರ್ಯಾಗನ್ 778ಜಿ ಚಿಪ್‌ನ ಫೋನ್‌ಗಳ ಮಟ್ಟದ್ದು. ಸುಲಭವಾಗಿ ಬಿಚ್ಚಲು ಬರುವ ಕವಚಕ್ಕೆ ನೀರು-ದೂಳಿನಿಂದ ಐಪಿ55 ಮಟ್ಟದ ರಕ್ಷಣೆಯಷ್ಟೇ ಇದೆ: ಮಳೆಹನಿ ತಡೆದೀತು, ಬಕೆಟ್ಟಿಗೆ ಬಿದ್ದರೆ ಕಷ್ಟ.

ದೊಡ್ಡ ತಲೆನೋವು ಖಾಸಗಿತನದ ಕಡೆಯದು. ಗೂಗಲ್ ಬೇಡವೆನ್ನುವವರು ಇದಕ್ಕೆ /ಇ/ಓಎಸ್ ಎಂಬ, ಗೂಗಲ್ ಸೇವೆಗಳನ್ನು ತೆಗೆದ ಆಂಡ್ರಾಯ್ಡ್ ಕಾರ್ಯಾಚರಣೆ ವ್ಯವಸ್ಥೆ (ಓಎಸ್) ಹಾಕಿಕೊಳ್ಳುತ್ತಾರೆ. ಅದರಲ್ಲಿ ಗೂಗಲ್ ಸೇವೆಗಳ ಜಾಗದಲ್ಲಿ ಮೈಕ್ರೊಜಿ ಎಂಬ ಬದಲಿ ತಂತ್ರಾಂಶ ಇರುತ್ತದೆ. ಆದರೆ ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಪ್ಲೇ ಇಂಟೆಗ್ರಿಟಿ ಎಂಬ ಗೂಗಲ್ ತಪಾಸಣೆಯ ಮೂಲಕ ‘ಈ ಫೋನ್ ಪ್ರಮಾಣಿತವೇ?’ ಎಂದು ಗೂಗಲ್ಲನ್ನೇ ಕೇಳುತ್ತವೆ. ಉತ್ತರ ‘ಅಲ್ಲ’ ಎಂದು ಬಂದರೆ ಆ್ಯಪ್ ತೆರೆಯುವುದೇ ಇಲ್ಲ. ಇವತ್ತು ನಡೆದ ಯುಪಿಐ ನಾಳೆಯ ಅಪ್‌ಡೇಟ್ ಬಳಿಕ ನಿಂತುಹೋಗಲೂಬಹುದು. ತರಕಾರಿಗೂ ಕ್ಯೂಆರ್ ಸ್ಕ್ಯಾನ್ ಮಾಡುವ ನಮ್ಮೂರಿನಲ್ಲಿ ಇದು ಸಣ್ಣ ಕೊರತೆಯಲ್ಲ. ಭದ್ರತೆಗೆ ಹೆಸರಾದ ಗ್ರ್ಯಾಫೀನ್ ಓಎಸ್ ಆದರೂ ಹಾಕೋಣವೆಂದರೆ, ಅದು ಫೇರ್‌ಫೋನನ್ನು ಬೆಂಬಲಿಸುವುದಿಲ್ಲ. ಗೂಗಲ್ಲಿನದೇ ಪಿಕ್ಸೆಲ್ ಬೇಕು!

ಸ್ವತಃ ಓಎಸ್ ಬದಲಿಸುವವರು ಒಂದು ಅಪಾಯ ಮರೆಯಬಾರದು. ಫೋನ್ ಚಾಲೂ ಆಗುವಾಗ ಓಎಸ್ ತೆರೆಯುವ ಬೂಟ್‌ಲೋಡರನ್ನು ಅನ್‌ಲಾಕ್ ಮಾಡಿದಾಗ ಫೋನಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಹೊಸದಾಗಿ ಹಾಕಿದ ಓಎಸ್‌ನ ಸೆಕ್ಯುರಿಟಿ ಪ್ಯಾಚ್ (ಭದ್ರತಾ ಅಪ್‌ಡೇಟ್) ದಿನಾಂಕ ಮೊದಲಿದ್ದುದಕ್ಕಿಂತ ಹಳೆಯದಾಗಿದ್ದು ಮತ್ತೆ ಲಾಕ್ ಮಾಡಿದರೆ ಫೋನ್ ಇಟ್ಟಿಗೆಯೇ. ಹಳೆಯ ಆವೃತ್ತಿಗೆ ಮರಳದಂತೆ ತಡೆಯುವ ವ್ಯವಸ್ಥೆ ಅದನ್ನು ಚಾಲೂ ಆಗಲು ಬಿಡುವುದಿಲ್ಲ. ಹಾಗಾಗಿ ಎರಡೂ ದಿನಾಂಕ ನೋಡಿಕೊಂಡೇ ಲಾಕ್ ಮಾಡಬೇಕು. /ಇ/ಓಎಸ್ ಫೋನ್‌ಗಳನ್ನು ಮಾರುವ ಮುರೇನಾ ಕಂಪನಿಯಿಂದ ಓಎಸ್ ಸಮೇತ ಕೊಂಡರೆ ಈ ರಗಳೆ ಇಲ್ಲ, ಬ್ಯಾಂಕಿನದು ಇದ್ದೇ ಇದೆ.

ಜಿಯೊ ಸಿಮ್ ಇದ್ದವರು ಕೊಳ್ಳುವ ಮೊದಲೇ ವೋಲ್ಟಿ, ಅಂದರೆ 4ಜಿ ಜಾಲದಲ್ಲೇ ಕರೆ ಮಾಡುವ ಸೌಲಭ್ಯ, ನಡೆಯುತ್ತದೆಯೇ ಎಂದು ಪರೀಕ್ಷಿಸಲಿ. ಜಿಯೊಗೆ 2ಜಿ, 3ಜಿ ಜಾಲವಿಲ್ಲ. ವೋಲ್ಟಿ ನಡೆಯದಿದ್ದರೆ ಇಂಟರ್ನೆಟ್ ಸಿಕ್ಕರೂ ಮಾಮೂಲಿ ಕರೆ ಹೋಗುವುದಿಲ್ಲ.

ಇನ್ನು ರಿಪೇರಿ. ಫೇರ್‌ಫೋನ್ 5ರ ಬ್ಯಾಟರಿಯನ್ನು ಉಗುರಿನಲ್ಲೇ ಎಬ್ಬಿಸಬಹುದು, ಡಿಸ್‌ಪ್ಲೇಗೆ ಒಂದು ಸ್ಕ್ರೂಡ್ರೈವರ್ ಸಾಕು. ಆದರೆ ಇಲ್ಲಿ ಅಧಿಕೃತ ಮಾರಾಟವೇ ಇಲ್ಲದ ಮೇಲೆ ಬಿಡಿಭಾಗ ಎಲ್ಲಿಂದ ತರುವುದು? ಬಿಡಿ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಸಾಗಿಸಲು 2016ರಿಂದ ನಿಷೇಧವಿದೆ, ಪಾರ್ಸೆಲ್ ತರಿಸುವುದು ಕಷ್ಟ. ಫೋನ್ ತರುವವರೇ ಒಂದು ಬ್ಯಾಟರಿ, ಒಂದು ಯುಎಸ್‌ಬಿ ಪೋರ್ಟ್ ಜೊತೆಗೆ ತರಲಿ. ಬ್ಯಾಟರಿ 4200 ಎಂಎಎಚ್, ಅಂದರೆ ಸುಮಾರು 16 ವ್ಯಾಟ್-ಅವರ್. ವಿಮಾನ ಪ್ರಯಾಣಿಕರಿಗಿರುವ 100 ವ್ಯಾಟ್-ಅವರ್ ಮಿತಿಯೊಳಗೇ ಇದೆ. ತುದಿಗಳಿಗೆ ಟೇಪ್ ಸುತ್ತಿ ಕೈಚೀಲದಲ್ಲೇ ಇಡಬೇಕು, ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ.

– ಓದುಗ, ಬೆಂಗಳೂರು