ವಿಮೆಯಷ್ಟೇ ಸಾಲದು, ಮಾತ್ರೆಯೂ ಸಿಗಲಿ

ಎಲ್ಲರಿಗೂ ಆರೋಗ್ಯ ಸೇವೆ ಒದಗಿಸುವುದು ಸರ್ಕಾರದ ಹೊಣೆಯೇ, ಅಲ್ಲವೇ ಎಂಬ ಚರ್ಚೆ ವಿಮೆಯ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಆಸ್ಪತ್ರೆಗೆ ದಾಖಲಾದಾಗ ಮಾತ್ರ ನೆರವಿಗೆ ಬರುವ ವಿಮೆಯಿಂದ ರಕ್ತದೊತ್ತಡ, ಮಧುಮೇಹ ಇರುವವರಿಗೆ ಹೆಚ್ಚೇನೂ ಉಪಯೋಗವಿಲ್ಲ. ಅವರ ಕೈ ಬರಿದಾಗುವುದು ತಿಂಗಳು ತಿಂಗಳೂ ಕೊಳ್ಳಬೇಕಾದ ಮಾತ್ರೆ, ಆಗಾಗ ಮಾಡಿಸಬೇಕಾದ ರಕ್ತಪರೀಕ್ಷೆಯಿಂದ. ದುಡ್ಡಿಲ್ಲದ ತಿಂಗಳು ಮಾತ್ರೆ ನಿಲ್ಲುತ್ತದೆ. ಮುಂದೆ ಪಾರ್ಶ್ವವಾಯುವೋ ಮೂತ್ರಪಿಂಡ ವೈಫಲ್ಯವೋ ಆದಾಗ ಅದೇ ವಿಮೆ ಹಲವು ಪಟ್ಟು ಹಣ ತೆರುತ್ತದೆ. ಇದೆಂಥ ಲೆಕ್ಕಾಚಾರವೋ!

ಸರ್ಕಾರ ಕೈ ಹಾಕಿದರೆ ಎಲ್ಲವೂ ಕೆಡುತ್ತದೆ ಎನ್ನುವವರು ಥಾಯ್ಲೆಂಡ್‌ನತ್ತ ನೋಡಬಹುದು. ಶ್ರೀಮಂತ ದೇಶವೇನಲ್ಲದ ಅದು, ಬೇರೆ ಸೌಲಭ್ಯವಿಲ್ಲದ ಪ್ರಜೆಗಳೆಲ್ಲರನ್ನೂ 2002ರಲ್ಲೇ ತೆರಿಗೆ ಹಣದ ಯೋಜನೆಯಡಿ ತಂದಿತು. ಹೊರರೋಗಿ ಚಿಕಿತ್ಸೆ, ಔಷಧಿಯೂ ಅದರಲ್ಲಿ ಸೇರಿವೆ. ಬ್ರಿಟನ್‌ 1948ರಿಂದ ಇದೇ ದಾರಿಯಲ್ಲಿದೆ. ಅಲ್ಲಿ ಶಸ್ತ್ರಚಿಕಿತ್ಸೆಗೆ ಕಾಯುವವರ ಸಾಲು ಉದ್ದವಿದೆ, ನಿಜ. ಆದರೆ ಬಿಲ್ಲಿಗೆ ಹೆದರಿ ವೈದ್ಯರನ್ನು ಕಾಣದೇ ಉಳಿಯುವ ಪ್ರಮೇಯವಿಲ್ಲ.

ಆದ್ದರಿಂದ ಸರ್ಕಾರಗಳು ಆರೋಗ್ಯ ಯೋಜನೆ ರೂಪಿಸುವಾಗ ಹೊರರೋಗಿ ಚಿಕಿತ್ಸೆ, ಅಗತ್ಯ ಔಷಧಿ ಮತ್ತು ಮಾಮೂಲಿ ತಪಾಸಣೆಗಳನ್ನು ಮೊದಲು ಉಚಿತಗೊಳಿಸಬೇಕು. ದೊಡ್ಡ ಶಸ್ತ್ರಚಿಕಿತ್ಸೆಗಳ ಪ್ಯಾಕೇಜ್‌ ಮಾತು ಆಮೇಲೆ.