ಗಡಿಯಾಚೆ ಸಾಗದ ಆದೇಶ

ಮಾನ್ಯರೇ,

ಬ್ಯಾಂಕು ಮುಳುಗಿದರೆ ನಷ್ಟ ಮೊದಲು ಷೇರುದಾರರಿಗೆ, ಆಮೇಲೆ ಬಾಂಡುದಾರರಿಗೆ ಎಂಬುದು ವಾಡಿಕೆ. 2023ರ ಮಾರ್ಚ್ 19ರಂದು ಸ್ವಿಟ್ಜರ್ಲೆಂಡಿನಲ್ಲಿ ಅದು ತಲೆಕೆಳಗಾಯಿತು. ಮುಳುಗುತ್ತಿದ್ದ ಕ್ರೆಡಿಟ್ ಸ್ವಿಸ್ ಬ್ಯಾಂಕನ್ನು ಯುಬಿಎಸ್ ಬ್ಯಾಂಕು ಕೊಳ್ಳಲು ಒಪ್ಪಿದಾಗ ಕ್ರೆಡಿಟ್ ಸ್ವಿಸ್ ಷೇರುದಾರರಿಗೆ ಸುಮಾರು 300 ಕೋಟಿ ಫ್ರಾಂಕ್ ಮೌಲ್ಯದ ಯುಬಿಎಸ್ ಷೇರು ಸಿಕ್ಕಿತು. ಸುಮಾರು 1,600 ಕೋಟಿ ಫ್ರಾಂಕ್‌ನ ಎಟಿ-1 ಬಾಂಡುಗಳು (ಬ್ಯಾಂಕು ಸಂಕಷ್ಟಕ್ಕೆ ಸಿಲುಕಿದರೆ ಅಳಿಸಬಹುದಾದ ಬಾಂಡುಗಳು) ಸೊನ್ನೆಯಾದವು. ಮರುದಿನವೇ ಐರೋಪ್ಯ ಒಕ್ಕೂಟದ ನಿಯಂತ್ರಕರು ‘ನಮ್ಮಲ್ಲಿ ನಷ್ಟ ಹೊರುವವರು ಷೇರುದಾರರೇ ಮೊದಲು’ ಎಂದು ಸಮಜಾಯಿಷಿ ಕೊಡಬೇಕಾಯಿತು.

ಇನ್ನೊಂದು ತೊಡಕೂ ಇದೆ: ಮುಳುಗುವ ಬ್ಯಾಂಕಿನ ಸಾಲವನ್ನು ಷೇರಾಗಿ ಬದಲಿಸುವ ನಿಯಂತ್ರಕರ ಆದೇಶ ಹೊರದೇಶದ ಕಾನೂನಿನಡಿ ಹೊರಡಿಸಿದ ಬಾಂಡಿಗೆ ತಾನಾಗಿ ತಾಗುವುದಿಲ್ಲ. ಅಲ್ಲಿನ ನ್ಯಾಯಾಲಯ ಒಪ್ಪಬೇಕು. ಬ್ಯಾಂಕು ಉಳಿಸಲು ಸಿಗುವ ವಾರಾಂತ್ಯದ ಎರಡು ದಿನದಲ್ಲಿ ಅದೆಲ್ಲ ಆಗುವ ಮಾತೇ? ಅದಕ್ಕೇ ಐರೋಪ್ಯ ಒಕ್ಕೂಟದ ಬ್ಯಾಂಕ್ ಪುನಶ್ಚೇತನ ನಿರ್ದೇಶನದ 55ನೇ ವಿಧಿ ಇಂಥ ಸಾಲಪತ್ರಗಳಲ್ಲಿ ಸಾಲ ಕೊಟ್ಟವರ ಒಪ್ಪಿಗೆಯನ್ನು ಮೊದಲೇ ಬರೆಸಿಕೊಳ್ಳುತ್ತದೆ.

ನಮ್ಮಲ್ಲಿ ಎಫ್‌ಆರ್‌ಡಿಐ (ಮುಳುಗುವ ಬ್ಯಾಂಕುಗಳನ್ನು ಇತ್ಯರ್ಥಪಡಿಸುವ) ಮಸೂದೆಯನ್ನು 2018ರಲ್ಲಿ ಹಿಂಪಡೆಯಲಾಯಿತು. ತಮ್ಮ ಹಣಕ್ಕೂ ಕತ್ತರಿ ಬೀಳಬಹುದೆಂಬ ಠೇವಣಿದಾರರ ಭಯಕ್ಕೆ ಕಾರಣವಿತ್ತು, ನಿಜ. ಆದರೆ 2020ರಲ್ಲಿ ಯೆಸ್ ಬ್ಯಾಂಕಿನ ಸುಮಾರು 8,400 ಕೋಟಿ ರೂಪಾಯಿಯ ಎಟಿ-1 ಬಾಂಡುಗಳನ್ನು ಅಳಿಸಿದ್ದನ್ನು ಬಾಂಬೆ ಹೈಕೋರ್ಟ್ 2023ರ ಜನವರಿಯಲ್ಲಿ ರದ್ದುಪಡಿಸಿತು: ಪುನರ್‌ರಚನಾ ಯೋಜನೆ ಜಾರಿಗೆ ಬಂದ ಮೇಲೆ ರಿಸರ್ವ್ ಬ್ಯಾಂಕ್ ನೇಮಿಸಿದ್ದ ಆಡಳಿತಾಧಿಕಾರಿಗೆ ಆ ಅಧಿಕಾರವಿರಲಿಲ್ಲವೆಂದು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಯಾರು, ಯಾವ ಗಳಿಗೆಯವರೆಗೆ ಅಳಿಸಬಹುದು ಎಂಬುದನ್ನು ಕಾಯ್ದೆಯಲ್ಲೇ ಬರೆಯಬೇಕು. ವಿದೇಶದಲ್ಲಿ ಹೊರಡಿಸುವ ಬಾಂಡುಗಳಿಗೆ 55ನೇ ವಿಧಿಯಂಥ ಷರತ್ತೂ ಬೇಕು.